ಐದು ಸೆಂಟಿನ ಮಸೂದೆ: ಗವರ್ನರ್ ಕ್ಲೀವ್‌ಲೆಂಡನ ನಿಷೇಧಾಧಿಕಾರದ ಸಮರ್ಥನೆ

೧. ಪ್ರಶ್ನೆಯ ಸ್ವರೂಪ

ಜನರಿಂದ ಚುನಾಯಿತವಾದ ಶಾಸನಸಭೆಯ ಎರಡು ಮನೆಗಳೂ ಬಹುಮತದಿಂದ ಅಂಗೀಕರಿಸಿದ ಮಸೂದೆಯೊಂದನ್ನು ಒಬ್ಬನೇ ಅಧಿಕಾರಿಯು ತಡೆಹಿಡಿಯಬಹುದೆಂಬ ವ್ಯವಸ್ಥೆ ಮೇಲುನೋಟಕ್ಕೆ ಪ್ರಜಾಪ್ರಭುತ್ವದ ತತ್ತ್ವಕ್ಕೆ ವಿರುದ್ಧವಾಗಿಯೇ ಕಾಣುತ್ತದೆ. ನೂರಾರು ಪ್ರತಿನಿಧಿಗಳ ವಿವೇಚನೆಗಿಂತ ಒಬ್ಬನ ವಿವೇಚನೆ ಮೇಲೆಂದು ಭಾವಿಸಲು ಆಧಾರವೇನು? ಆ ಮಸೂದೆಯು ಬಡವರ ಪಾಲಿಗೆ ಹಿತಕರವೆಂದು ತೋರುವುದಾಗಿದ್ದು, ಅದನ್ನು ತಡೆಯುವುದರಿಂದ ಕುಖ್ಯಾತನಾದ ಧನಿಕನೊಬ್ಬನಿಗೆ ಲಾಭವಾಗುವುದಾದರೆ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಇಂಥ ಸಂದರ್ಭವೊಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನ್ಯೂಯಾರ್ಕ್ ರಾಜ್ಯದಲ್ಲಿ ೧೮೮೩ರ ಮಾರ್ಚ್ ೨ರಂದು ಒದಗಿತು. ಅಂದು ಗವರ್ನರ್ ಗ್ರೋವರ್ ಕ್ಲೀವ್‌ಲೆಂಡನು, ನ್ಯೂಯಾರ್ಕ್ ನಗರದ ಎತ್ತರದ ರೈಲುಗಳ ಪ್ರಯಾಣದರವನ್ನು ಹತ್ತು ಸೆಂಟಿನಿಂದ ಐದು ಸೆಂಟಿಗೆ ಇಳಿಸುವ ಮಸೂದೆಗೆ ಅಂಕಿತ ಹಾಕಲು ನಿರಾಕರಿಸಿ, ಅದನ್ನು ಕಾರಣಸಹಿತವಾಗಿ ಶಾಸನಸಭೆಗೆ ಹಿಂದಿರುಗಿಸಿದನು.

ಕ್ಲೀವ್‌ಲೆಂಡನ ಈ ಕ್ರಮವನ್ನು ಆತನ ಅಭಿಮಾನಿಗಳು ಧೈರ್ಯದ ನಿದರ್ಶನವೆಂದು ಹೊಗಳಿದ್ದಾರೆ. ವಿರೋಧಿಗಳು ಬಂಡವಾಳಗಾರರ ಪಕ್ಷಪಾತವೆಂದು ತೆಗಳಿದ್ದಾರೆ. ಧೈರ್ಯವಾಗಲಿ ಪಕ್ಷಪಾತವಾಗಲಿ ವ್ಯಕ್ತಿಯ ಗುಣದೋಷಗಳಿಗೆ ಸಂಬಂಧಿಸಿದವು. ಅವುಗಳಿಂದ ಒಂದು ರಾಜ್ಯಾಂಗಾಧಿಕಾರದ ಯೋಗ್ಯತೆಯನ್ನು ನಿರ್ಣಯಿಸಲಾಗುವುದಿಲ್ಲ. ಕ್ಲೀವ್‌ಲೆಂಡನ ನಿಷೇಧವು ಸಮರ್ಥನೀಯವೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ. ಆದರೆ ಅದರ ಸಮರ್ಥನೆ ಇರುವುದು ಮಸೂದೆಯು ಕೆಟ್ಟದ್ದೆಂಬ ಕಾರಣದಲ್ಲಲ್ಲ. ರಾಜ್ಯವು ತಾನೇ ಮಾಡಿದ ಕಾನೂನಿನ ಕ್ರಮವನ್ನು, ಎದುರಾಳಿ ಎಷ್ಟೇ ಅಪ್ರಿಯನಾಗಿದ್ದರೂ, ಮೀರಬಾರದೆಂಬ ನಿಯಮದಲ್ಲಿ ಅದು ಇದೆ. ಆ ನಿಯಮವನ್ನು ಹೇಳಿದವನು ಬಹಿರಂಗವಾಗಿ ಕಾರಣ ಕೊಟ್ಟು, ಶಾಸನಸಭೆಯ ಮರುಪರಿಶೀಲನೆಗೂ ಮತದಾರರ ತೀರ್ಪಿಗೂ ಒಳಪಟ್ಟಿದ್ದನೆಂಬುದರಲ್ಲಿ ಇದೆ.

೨. ನಿಷೇಧಾಧಿಕಾರದ ಹಿನ್ನೆಲೆ

ವೀಟೊ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಅಧಿಕಾರದ ಬಗ್ಗೆ ಅಮೆರಿಕದ ಜನರಿಗೆ ಆರಂಭದಲ್ಲಿ ಇದ್ದುದು ಪ್ರೀತಿಯಲ್ಲ, ದ್ವೇಷ. ವಸಾಹತುಗಳ ಕಾಲದಲ್ಲಿ ಇಂಗ್ಲೆಂಡಿನ ದೊರೆಯೂ ಆತನ ಗವರ್ನರುಗಳೂ ಜನಸಭೆಗಳ ಕಾಯಿದೆಗಳನ್ನು ಪೂರ್ಣವಾಗಿ ತಳ್ಳಿಹಾಕಬಲ್ಲವರಾಗಿದ್ದರು. ೧೭೭೬ರ ಸ್ವಾತಂತ್ರ್ಯ ಘೋಷಣೆಯಲ್ಲಿ ದೊರೆಯ ಮೇಲೆ ಹೊರಿಸಿದ ಆರೋಪಗಳ ಪಟ್ಟಿಯ ಮೊದಲನೆಯದೇ, ಜನಹಿತಕ್ಕೆ ಅವಶ್ಯವಾದ ಕಾನೂನುಗಳಿಗೆ ಆತನು ಒಪ್ಪಿಗೆ ನಿರಾಕರಿಸಿದನೆಂಬುದು. ಆದುದರಿಂದ ಸ್ವತಂತ್ರವಾದ ರಾಜ್ಯಗಳಲ್ಲಿ ಹೆಚ್ಚಿನವು ತಮ್ಮ ಮೊದಲ ರಾಜ್ಯಾಂಗಗಳಲ್ಲಿ ಗವರ್ನರನಿಗೆ ಈ ಅಧಿಕಾರವನ್ನು ಕೊಡಲೇ ಇಲ್ಲ.

ನ್ಯೂಯಾರ್ಕ್ ಮಧ್ಯಮ ಮಾರ್ಗವೊಂದನ್ನು ಹಿಡಿಯಿತು. ಅದರ ೧೭೭೭ರ ರಾಜ್ಯಾಂಗವು ಗವರ್ನರ್, ಚಾನ್ಸೆಲರ್ ಮತ್ತು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರು ಸೇರಿದ ಪರಿಶೀಲನಾ ಮಂಡಲಿಯೊಂದನ್ನು ಸ್ಥಾಪಿಸಿತು. ಮಂಡಲಿಯು ಮಸೂದೆಯನ್ನು ಆಕ್ಷೇಪಣೆಗಳೊಡನೆ ಹಿಂದಿರುಗಿಸಬಹುದಾಗಿತ್ತು. ಎರಡೂ ಮನೆಗಳು ಮೂರನೆಯ ಎರಡರಷ್ಟು ಬಹುಮತದಿಂದ ಅದನ್ನು ಮತ್ತೆ ಅಂಗೀಕರಿಸಿದರೆ ಅದು ಕಾನೂನಾಗುತ್ತಿತ್ತು. ೧೭೮೦ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಇಂಥದೇ ಮಿತವಾದ ಅಧಿಕಾರವನ್ನು ಗವರ್ನರನೊಬ್ಬನಿಗೇ ಕೊಟ್ಟಿತು. ೧೭೮೭ರ ಒಕ್ಕೂಟದ ರಾಜ್ಯಾಂಗವು ಅಧ್ಯಕ್ಷನಿಗೆ ಕೊಟ್ಟ ಅಧಿಕಾರವೂ ಇದೇ ಮಾದರಿಯದು. ನ್ಯೂಯಾರ್ಕಿನ ೧೮೨೧ರ ರಾಜ್ಯಾಂಗವು ಪರಿಶೀಲನಾ ಮಂಡಲಿಯನ್ನು ರದ್ದುಪಡಿಸಿ ಅದರ ಕೆಲಸವನ್ನು ಗವರ್ನರನಿಗೆ ವಹಿಸಿತು. ೧೮೭೪ರ ತಿದ್ದುಪಡಿಗಳು ವೆಚ್ಚದ ಮಸೂದೆಗಳಲ್ಲಿನ ಬಿಡಿ ಬಾಬುಗಳನ್ನು ಮಾತ್ರ ತಳ್ಳಿಹಾಕುವ ಅಧಿಕಾರವನ್ನೂ ಅದಕ್ಕೆ ಸೇರಿಸಿದವು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ದೊರೆಯ ನಿಷೇಧಕ್ಕೂ ಚುನಾಯಿತ ಗವರ್ನರನ ನಿಷೇಧಕ್ಕೂ ಹೆಸರಿನಲ್ಲಿ ಮಾತ್ರ ಸಾಮ್ಯವಿದೆ. ದೊರೆಯ ಮಾತು ಕೊನೆಯದು. ಗವರ್ನರನ ಮಾತು ಕೊನೆಯದಲ್ಲ. ದೊರೆಯು ಕಾರಣ ಹೇಳಬೇಕಾಗಿರಲಿಲ್ಲ. ಗವರ್ನರನು ಆಕ್ಷೇಪಣೆಗಳನ್ನು ಬರೆದು ಕಳುಹಿಸಬೇಕು, ಅವು ಮನೆಯ ನಡವಳಿಕೆಯಲ್ಲಿ ದಾಖಲಾಗಬೇಕು. ೧೭೮೮ರಲ್ಲಿ ಫೆಡರಲಿಸ್ಟ್ ಲೇಖನಮಾಲೆಯ ೭೩ನೆಯ ಲೇಖನದಲ್ಲಿ ಅಲೆಗ್ಸಾಂಡರ್ ಹ್ಯಾಮಿಲ್ಟನ್ನನು ಈ ಅಧಿಕಾರಕ್ಕೆ ಎರಡು ಉದ್ದೇಶಗಳನ್ನು ಹೇಳಿದನು. ಶಾಸನಸಭೆಯ ಆಕ್ರಮಣದಿಂದ ಕಾರ್ಯಾಂಗವು ತನ್ನನ್ನು ರಕ್ಷಿಸಿಕೊಳ್ಳುವುದು ಒಂದು. ಆತುರ, ಪಕ್ಷೋದ್ರೇಕ ಅಥವಾ ಕ್ಷಣಿಕವಾದ ಆವೇಶದಿಂದ ಹುಟ್ಟಿದ ಕಾನೂನುಗಳಿಂದ ಸಮಾಜವನ್ನು ರಕ್ಷಿಸುವುದು ಇನ್ನೊಂದು. ಒಳ್ಳೆಯ ಕೆಲವು ಕಾನೂನುಗಳೂ ಇದರಿಂದ ತಡೆಯಲ್ಪಡಬಹುದೆಂಬುದನ್ನು ಅವನು ಒಪ್ಪಿಕೊಂಡಿದ್ದನು. ಕೆಟ್ಟವುಗಳು ನಿಲ್ಲುವ ಲಾಭ ಆ ನಷ್ಟಕ್ಕಿಂತ ಹೆಚ್ಚಿನದೆಂಬುದು ಅವನ ವಾದ. ಕ್ಲೀವ್‌ಲೆಂಡನ ಸಂದರ್ಭವು ಈ ಎರಡನೆಯ ಉದ್ದೇಶಕ್ಕೆ ಸೇರಿದುದು.

೩. ಮೇಯರನಿಂದ ಗವರ್ನರನವರೆಗೆ

೧೮೩೭ರಲ್ಲಿ ನ್ಯೂಜೆರ್ಸಿಯಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದ ಕ್ಲೀವ್‌ಲೆಂಡನು ಬಫಲೋ ನಗರದಲ್ಲಿ ವಕೀಲನಾಗಿ ನೆಲೆಸಿದನು. ೧೮೮೨ರ ಜನವರಿಯಲ್ಲಿ ಆ ನಗರದ ಮೇಯರನಾದಾಗ ಆತನ ಹೆಸರು ಊರಿನ ಹೊರಗೆ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಆ ವರ್ಷ ನಗರಸಭೆಯು ಬೀದಿಗಳನ್ನು ಗುಡಿಸುವ ಐದು ವರ್ಷಗಳ ಗುತ್ತಿಗೆಯನ್ನು ೪,೨೨,೫೦೦ ಡಾಲರುಗಳಿಗೆ ಒಬ್ಬನಿಗೆ ಕೊಡಲು ನಿರ್ಣಯಿಸಿತು. ಅದಕ್ಕಿಂತ ಸುಮಾರು ಒಂದು ಲಕ್ಷ ಡಾಲರು ಕಡಿಮೆಗೆ ಕೆಲಸ ಮಾಡಲು ಒಪ್ಪಿದ ಬೇರೊಬ್ಬನ ಟೆಂಡರು ಎದುರಿಗೇ ಇತ್ತು. ಮೇಯರನು ಆ ನಿರ್ಣಯವನ್ನು ಕಟುವಾದ ಮಾತುಗಳಲ್ಲಿ ತಳ್ಳಿಹಾಕಿದನು. ನಗರಸಭೆಯು ಹಿಂಜರಿದು ಕಡಿಮೆ ಬೆಲೆಯವನಿಗೆ ಗುತ್ತಿಗೆಯನ್ನು ಕೊಟ್ಟಿತು. ಈ ಕೀರ್ತಿಯ ಬಲದಿಂದಲೇ ಡೆಮಾಕ್ರಟಿಕ್ ಪಕ್ಷವು ಅದೇ ವರ್ಷ ಆತನನ್ನು ಗವರ್ನರ್ ಪದವಿಗೆ ನಿಲ್ಲಿಸಿತು. ನವೆಂಬರಿನ ಚುನಾವಣೆಯಲ್ಲಿ ಆತನು ರಿಪಬ್ಲಿಕನ್ ಪಕ್ಷದ ಚಾರ್ಲ್ಸ್ ಫೋಲ್ಜರನನ್ನು ೧,೯೨,೦೦೦ಕ್ಕೂ ಹೆಚ್ಚು ಮತಗಳ ಅಂತರದಿಂದ ಸೋಲಿಸಿದನು.

೧೮೮೩ರ ಜನವರಿ ೧ರಂದು ಅಧಿಕಾರ ವಹಿಸಿಕೊಂಡ ಗವರ್ನರನು ಮೊದಲ ಎರಡು ತಿಂಗಳುಗಳಲ್ಲಿಯೇ ಎಂಟು ಮಸೂದೆಗಳನ್ನು ಹಿಂದಿರುಗಿಸಿದನು. ಇವುಗಳಲ್ಲಿ ಕೆಲವು ಬಹಳ ಸಣ್ಣವು. ಷಟಾಕ್ವಾ ಜಿಲ್ಲೆಯು ಯೋಧರ ಸ್ಮಾರಕಕ್ಕೆ ಸಾರ್ವಜನಿಕ ಹಣವನ್ನು ವೆಚ್ಚಮಾಡಲು ಅನುಮತಿ ನೀಡುವುದು ಒಂದು. ಫೇಯೆಟ್‌ವಿಲ್ ಎಂಬ ಹಳ್ಳಿಯು ಬೆಂಕಿ ಆರಿಸುವ ಉಗಿಯಂತ್ರವನ್ನು ಕೊಳ್ಳಲು ಸಾಲವೆತ್ತುವುದಕ್ಕೆ ಅವಕಾಶ ಕೊಡುವುದು ಇನ್ನೊಂದು. ಫೇಯೆಟ್‌ವಿಲ್ ಕ್ಲೀವ್‌ಲೆಂಡನು ಬಾಲ್ಯವನ್ನು ಕಳೆದ ಊರು. ಅಂತರ್ಯುದ್ಧದ ಯೋಧರ ಸ್ಮಾರಕವನ್ನು ವಿರೋಧಿಸುವುದು ಆ ಕಾಲದ ರಾಜಕಾರಣಿಗೆ ಅಪಾಯಕರವಾದ ಕೆಲಸ. ಸ್ವತಃ ಯುದ್ಧಕ್ಕೆ ಹೋಗದೆ ಬದಲಿಯೊಬ್ಬನನ್ನು ಕಳುಹಿಸಿದ್ದ ಕ್ಲೀವ್‌ಲೆಂಡನಿಗಂತೂ ಇನ್ನೂ ಅಪಾಯಕರ. ಈ ಸಣ್ಣ ನಿಷೇಧಗಳ ಮಹತ್ತ್ವ ಅವುಗಳ ಹಣದ ಮೊತ್ತದಲ್ಲಿಲ್ಲ. ತನಗೆ ಪ್ರಿಯರಾದವರ ವಿಷಯದಲ್ಲಿಯೂ ಅಪ್ರಿಯರಾದವರ ವಿಷಯದಲ್ಲಿಯೂ ಆತನು ಒಂದೇ ಅಳತೆಗೋಲನ್ನು ಹಿಡಿದನೆಂಬುದು ಇವುಗಳಿಂದ ತಿಳಿಯುತ್ತದೆ. ಐದು ಸೆಂಟಿನ ಮಸೂದೆಯು ಇದೇ ಸರಣಿಯಲ್ಲಿ ಬಂದುದು.

೪. ಎತ್ತರದ ರೈಲು ಮತ್ತು ಜೇ ಗೌಲ್ಡ್

೧೮೮೦ರ ಜನಗಣತಿಯಲ್ಲಿ ನ್ಯೂಯಾರ್ಕ್ ನಗರದ ಜನಸಂಖ್ಯೆ ೧೨ ಲಕ್ಷವನ್ನು ಮೀರಿತ್ತು. ಉದ್ದವಾಗಿ ಚಾಚಿದ ಮ್ಯಾನ್‌ಹ್ಯಾಟನ್ ದ್ವೀಪದಲ್ಲಿ ಕೆಲಸದ ಸ್ಥಳಗಳು ದಕ್ಷಿಣದ ತುದಿಯಲ್ಲಿದ್ದವು. ವಸತಿಗಳು ಉತ್ತರಕ್ಕೆ ಹರಡುತ್ತಿದ್ದವು. ಕುದುರೆಗಳು ಎಳೆಯುವ ಟ್ರಾಮುಗಳು ಈ ಜನಸಂದಣಿಗೆ ಸಾಲದಾದವು. ಬೀದಿಗಳ ಮೇಲೆ ಕಬ್ಬಿಣದ ಕಂಬಗಳನ್ನು ನೆಟ್ಟು, ಅವುಗಳ ಮೇಲೆ ಹಳಿಗಳನ್ನು ಹಾಸಿ ಉಗಿಬಂಡಿಗಳನ್ನು ಓಡಿಸುವ ಯೋಜನೆ ಹುಟ್ಟಿದುದು ಈ ಕಾರಣದಿಂದ. ೧೮೭೫ರ ಶೀಘ್ರ ಸಾರಿಗೆ ಕಾಯಿದೆಯು ಇದಕ್ಕೆ ಮಾರ್ಗವನ್ನು ಸುಗಮಗೊಳಿಸಿತು; ೧೮೭೮ರಲ್ಲಿ ಮೂರನೆಯ ಮತ್ತು ಆರನೆಯ ಅವೆನ್ಯೂಗಳ ಮೇಲೆ ರೈಲುಗಳು ಓಡಲಾರಂಭಿಸಿದವು. ೧೮೭೯ರಲ್ಲಿ ಎರಡು ಕಂಪನಿಗಳ ಮಾರ್ಗಗಳನ್ನು ಮ್ಯಾನ್‌ಹ್ಯಾಟನ್ ರೈಲ್ವೆ ಕಂಪನಿಯು ಭೋಗ್ಯಕ್ಕೆ ಪಡೆಯಿತು.

೧೮೮೧ರಲ್ಲಿ ಈ ಕಂಪನಿಯು ಜೇ ಗೌಲ್ಡನ ಹತೋಟಿಗೆ ಬಂದಿತು. ಷೇರುಪೇಟೆಯ ಕುಟಿಲತಂತ್ರಗಳಿಗೆ ಆ ಕಾಲದಲ್ಲಿ ಗೌಲ್ಡನಷ್ಟು ಹೆಸರಾದವನು ಇನ್ನೊಬ್ಬನಿರಲಿಲ್ಲ. ೧೮೬೯ರಲ್ಲಿ ಚಿನ್ನದ ಪೇಟೆಯನ್ನು ಹಿಡಿತಕ್ಕೆ ತೆಗೆದುಕೊಳ್ಳಲು ಯತ್ನಿಸಿ ದೇಶದ ವ್ಯಾಪಾರವನ್ನೇ ಅಲ್ಲಾಡಿಸಿದವನು ಅವನು. ರೈಲು ಕಂಪನಿಯನ್ನು ಅವನು ವಶಪಡಿಸಿಕೊಂಡ ಬಗೆಯೂ ಶುದ್ಧವಾಗಿರಲಿಲ್ಲವೆಂದು ಸಂದೇಹವಿತ್ತು. ಆ ವ್ಯವಹಾರದಲ್ಲಿ ಥಿಯೋಡೊರಿಕ್ ವೆಸ್ಟ್‌ಬ್ರೂಕ್ ಎಂಬ ನ್ಯಾಯಾಧೀಶನು ಗೌಲ್ಡನಿಗೆ ಅನುಕೂಲನಾಗಿ ವರ್ತಿಸಿದನೆಂದು ೧೮೮೨ರಲ್ಲಿ ಅಸೆಂಬ್ಲಿಯಲ್ಲಿ ತನಿಖೆಗೆ ಒತ್ತಾಯಿಸಿದವನು ಥಿಯೋಡೋರ್ ರೂಸ್‌ವೆಲ್ಟ್ ಎಂಬ ತರುಣ ರಿಪಬ್ಲಿಕನ್ ಸದಸ್ಯ. ಮುಂದೆ ೧೯೦೧ರಲ್ಲಿ ದೇಶದ ಅಧ್ಯಕ್ಷನಾದವನು ಅವನೇ.

ಎತ್ತರದ ರೈಲುಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ, ಕೆಲಸಗಾರರು ಹೋಗಿಬರುವ ಹೊತ್ತಿನಲ್ಲಿ, ಐದು ಸೆಂಟಿನ ದರವಿತ್ತು. ಉಳಿದ ಹೊತ್ತಿನಲ್ಲಿ ಹತ್ತು ಸೆಂಟು. ದಿನದ ಎಲ್ಲ ಹೊತ್ತಿನಲ್ಲಿಯೂ ಐದೇ ಸೆಂಟು ಇರಬೇಕೆಂಬುದು ಮಸೂದೆಯ ತಿರುಳು. ಗೊತ್ತಾದ ಹೊತ್ತಿಗೆ ಕೆಲಸ ಬಿಡದ ಅಂಗಡಿಯ ನೌಕರರಿಗೂ, ರಾತ್ರಿಪಾಳಿಯವರಿಗೂ, ನಡುಹಗಲು ಸಂಚರಿಸಬೇಕಾದ ಸಣ್ಣ ವ್ಯಾಪಾರಿಗಳಿಗೂ ಇದು ದಿನನಿತ್ಯದ ಉಳಿತಾಯ. ನಗರದ ಜನರು ಮಸೂದೆಯನ್ನು ಉತ್ಸಾಹದಿಂದ ಸ್ವಾಗತಿಸಿದರು. ಎರಡು ಪಕ್ಷಗಳ ಸದಸ್ಯರೂ ಕೂಡಿ ಭಾರಿ ಬಹುಮತದಿಂದ ಅದನ್ನು ಅಂಗೀಕರಿಸಿದರು. ಅವರಲ್ಲಿ ರೂಸ್‌ವೆಲ್ಟನೂ ಒಬ್ಬನಾಗಿದ್ದನು.

೫. ಗವರ್ನರನ ವಾದ

ಕ್ಲೀವ್‌ಲೆಂಡನ ನಿಷೇಧಸಂದೇಶವು ಗೌಲ್ಡನನ್ನು ಸಮರ್ಥಿಸುವ ಲೇಖನವಲ್ಲ; ಅದು ವಕೀಲನೊಬ್ಬನು ಬರೆದ ಶುಷ್ಕವಾದ, ಆದರೆ ಕ್ರಮಬದ್ಧವಾದ ದಾಖಲೆ. ಅದರ ವಾದವನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಬಹುದು.

ಮೊದಲನೆಯದಾಗಿ, ರೈಲುಮಾರ್ಗಗಳನ್ನು ಕಟ್ಟಿದವರು ರಾಜ್ಯವು ಮುಂದಿಟ್ಟ ನಿಬಂಧನೆಗಳನ್ನು ನಂಬಿ ಹಣವನ್ನು ಹೂಡಿದ್ದರು. ದರಗಳೂ ಆ ನಿಬಂಧನೆಗಳಲ್ಲಿ ಸೇರಿದ್ದವು. ಇದು ಕರಾರಿನ ಸ್ವರೂಪದ್ದು. ಕರಾರುಗಳ ಬಾಧ್ಯತೆಯನ್ನು ಕುಂದಿಸುವ ಕಾನೂನನ್ನು ಯಾವ ರಾಜ್ಯವೂ ಮಾಡಕೂಡದೆಂದು ಒಕ್ಕೂಟದ ರಾಜ್ಯಾಂಗದ ಮೊದಲನೆಯ ವಿಧಿಯ ಹತ್ತನೆಯ ಪ್ರಕರಣವು ಹೇಳುತ್ತದೆ. ರಾಜ್ಯವು ಸಂಸ್ಥೆಯೊಂದಕ್ಕೆ ಕೊಟ್ಟ ಸನ್ನದೂ ಇಂಥ ಕರಾರೇ ಎಂದು ೧೮೧೯ರ ಡಾರ್ಟ್‌ಮತ್ ಕಾಲೇಜಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತ್ತು.

ಎರಡನೆಯದಾಗಿ, ದರಗಳನ್ನು ಇಳಿಸುವ ಅಧಿಕಾರವನ್ನು ರಾಜ್ಯವು ಪೂರ್ಣವಾಗಿ ಬಿಟ್ಟುಕೊಟ್ಟಿರಲಿಲ್ಲ. ೧೮೫೦ರ ಸಾಮಾನ್ಯ ರೈಲ್ವೆ ಕಾಯಿದೆಯು ಅದಕ್ಕೊಂದು ಕ್ರಮವನ್ನು ಹಾಕಿಕೊಟ್ಟಿತ್ತು. ರಾಜ್ಯದ ಇಂಜಿನಿಯರನೂ ಕಂಟ್ರೋಲರನೂ ಕಂಪನಿಯ ಆದಾಯವೆಚ್ಚಗಳನ್ನು ಪರಿಶೀಲಿಸಬೇಕು. ವಾಸ್ತವವಾಗಿ ಹೂಡಿದ ಬಂಡವಾಳದ ಮೇಲೆ ವರ್ಷಕ್ಕೆ ಶೇಕಡಾ ೧೦ಕ್ಕಿಂತ ಹೆಚ್ಚಿನ ನಿವ್ವಳ ಆದಾಯ ಬಂದಿದೆಯೆಂದು ಕಂಡುಬಂದರೆ ಶಾಸನಸಭೆಯು ದರವನ್ನು ಇಳಿಸಬಹುದು. ಆದರೆ ಕಂಪನಿಯ ಒಪ್ಪಿಗೆಯಿಲ್ಲದೆ ಲಾಭವು ಆ ಮಟ್ಟಕ್ಕಿಂತ ಕೆಳಗಿಳಿಯುವಂತೆ ಇಳಿಸಕೂಡದು. ಇಂಥ ಪರಿಶೀಲನೆ ಯಾವುದೂ ನಡೆಯದೆಯೇ ಮಸೂದೆಯು ಅಂಗೀಕೃತವಾಗಿತ್ತು.

ಮೂರನೆಯದಾಗಿ, ಇದೆಲ್ಲ ಕಾನೂನಿನ ಸೂಕ್ಷ್ಮವೆಂದು ಬದಿಗಿಟ್ಟರೂ, ಪ್ರಜೆಗಳೊಡನೆ ವ್ಯವಹರಿಸುವಾಗ ರಾಜ್ಯವು ಕೇವಲ ನ್ಯಾಯವಾಗಿದ್ದರೆ ಸಾಲದು, ಸಂದೇಹಕ್ಕೆ ಎಡೆಯಿಲ್ಲದಂತೆ ನೇರವಾಗಿರಬೇಕೆಂದು ಗವರ್ನರನು ಪ್ರತಿಪಾದಿಸಿದನು. ಪ್ರಬಲನಾದ ಪಕ್ಷಗಾರನು ಕರಾರನ್ನು ತನಗೆ ಬೇಕಾದಂತೆ ಬದಲಾಯಿಸಿದರೆ ದುರ್ಬಲನು ನ್ಯಾಯಾಲಯಕ್ಕೆ ಹೋಗಬಹುದು. ರಾಜ್ಯವೇ ಆ ಪ್ರಬಲ ಪಕ್ಷಗಾರನಾದಾಗ, ತನ್ನನ್ನು ತಾನು ಕಟ್ಟಿಹಾಕಿಕೊಳ್ಳುವ ಹೊಣೆ ರಾಜ್ಯದ ಅಧಿಕಾರಿಗಳದೇ ಆಗುತ್ತದೆ.

೬. ಆಕ್ಷೇಪಣೆಗಳ ವಿಮರ್ಶೆ

ಈ ವಾದಕ್ಕೆ ಬಂದ ಆಕ್ಷೇಪಣೆಗಳನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಮೊದಲನೆಯ ಆಕ್ಷೇಪಣೆ ಕಾನೂನಿಗೆ ಸಂಬಂಧಿಸಿದುದು. ಡಾರ್ಟ್‌ಮತ್ ತೀರ್ಪಿನ ನಂತರ ಅನೇಕ ರಾಜ್ಯಗಳು ಸಂಸ್ಥೆಗಳ ಸನ್ನದುಗಳನ್ನು ಬದಲಾಯಿಸುವ ಅಧಿಕಾರವನ್ನು ಮುಂದಾಗಿಯೇ ಕಾಯ್ದಿರಿಸಿಕೊಂಡಿದ್ದವು. ನ್ಯೂಯಾರ್ಕಿನ ೧೮೪೬ರ ರಾಜ್ಯಾಂಗದಲ್ಲಿಯೂ ಅಂಥ ನಿಯಮವಿತ್ತು. ಅಲ್ಲದೆ ೧೮೭೭ರಲ್ಲಿ ಮನ್ ಮತ್ತು ಇಲಿನಾಯ್ ರಾಜ್ಯದ ನಡುವಣ ಮೊಕದ್ದಮೆಯಲ್ಲಿ, ಸಾರ್ವಜನಿಕ ಹಿತಕ್ಕೆ ಒಳಪಟ್ಟ ಉದ್ಯಮಗಳ ದರಗಳನ್ನು ರಾಜ್ಯವು ನಿಯಂತ್ರಿಸಬಹುದೆಂದು ಸುಪ್ರೀಂ ಕೋರ್ಟೇ ಒಪ್ಪಿತ್ತು. ಆದುದರಿಂದ ಕ್ಲೀವ್‌ಲೆಂಡನ ಮೊದಲ ಮೆಟ್ಟಿಲು, ಅಂದರೆ ಕರಾರಿನ ವಾದವು, ಆತನು ಭಾವಿಸಿದಷ್ಟು ಭದ್ರವಾಗಿರಲಿಲ್ಲವೆಂದೇ ಹೇಳಬೇಕು.

ಆದರೆ ಎರಡನೆಯ ಮೆಟ್ಟಿಲು ಇದರಿಂದ ಸಡಿಲವಾಗುವುದಿಲ್ಲ. ರಾಜ್ಯಕ್ಕೆ ಅಧಿಕಾರವಿದ್ದಿತೆಂದೇ ಒಪ್ಪೋಣ. ಆ ಅಧಿಕಾರವನ್ನು ಹೇಗೆ ಚಲಾಯಿಸಬೇಕೆಂದು ಎಲ್ಲ ಕಂಪನಿಗಳಿಗೂ ಅನ್ವಯಿಸುವ ಸಾಮಾನ್ಯ ಕಾನೂನನ್ನು ರಾಜ್ಯವೇ ಮಾಡಿತ್ತು. ಆ ಕಾನೂನು ಸಾಲದೆಂದು ಕಂಡರೆ ಅದನ್ನೇ ಬಹಿರಂಗವಾಗಿ ತಿದ್ದಬಹುದಾಗಿತ್ತು. ಲೆಕ್ಕಪತ್ರಗಳನ್ನು ತೆರೆಯಿಸಿ ನೋಡಬಹುದಾಗಿತ್ತು. ಗೌಲ್ಡನ ಕಂಪನಿಯ ಬಂಡವಾಳವು ಕಾಗದದ ಮೇಲೆ ಉಬ್ಬಿಸಿದುದೆಂದು ಜನರು ನಂಬಿದ್ದುದರಿಂದ ಅಂಥ ತನಿಖೆಯೇ ಅವನಿಗೆ ನಿಜವಾಗಿ ಭಯಂಕರವಾದ ಅಸ್ತ್ರವಾಗುತ್ತಿತ್ತು. ಶಾಸನಸಭೆ ಇವೆರಡನ್ನೂ ಮಾಡಲಿಲ್ಲ. ತನಿಖೆಯ ಶ್ರಮವಿಲ್ಲದೆ, ಒಬ್ಬನ ಮೇಲಿನ ಕೋಪವನ್ನು ಒಂದು ಕಾನೂನಾಗಿ ಬರೆಯಿತು.

ಎರಡನೆಯ ಆಕ್ಷೇಪಣೆ ಫಲಕ್ಕೆ ಸಂಬಂಧಿಸಿದುದು: ತತ್ತ್ವವೇನೇ ಇರಲಿ, ಐದು ಸೆಂಟನ್ನು ಕಳೆದುಕೊಂಡವರು ಬಡವರು, ಉಳಿಸಿಕೊಂಡವನು ಗೌಲ್ಡ್. ಇದು ಸತ್ಯ, ಮತ್ತು ನಿಷೇಧವನ್ನು ಸಮರ್ಥಿಸುವವರು ಇದನ್ನು ಮರೆಮಾಚಬಾರದು. ಇದಕ್ಕೆ ಉತ್ತರವು ಅದೇ ನಗರದ ಮುಂದಿನ ಇತಿಹಾಸದಲ್ಲಿ ದೊರೆಯುತ್ತದೆ. ೧೮೮೬ರಲ್ಲಿ ಎತ್ತರದ ರೈಲುಗಳ ಕಂಪನಿಯೇ ಎಲ್ಲ ಹೊತ್ತಿಗೂ ಐದು ಸೆಂಟಿನ ದರವನ್ನು ಜಾರಿಗೆ ತಂದಿತು. ೧೯೦೪ರಲ್ಲಿ ಆರಂಭವಾದ ಸುರಂಗ ರೈಲುಗಳಲ್ಲಿಯೂ ಐದೇ ಸೆಂಟಿನ ದರವನ್ನು ನಗರವು ಕರಾರಿನಲ್ಲಿ ಗೊತ್ತುಮಾಡಿತ್ತು; ೧೯೧೩ರ ಹೊಸ ಕರಾರುಗಳಲ್ಲಿಯೂ ಅದು ಹಾಗೆಯೇ ಮುಂದುವರಿಯಿತು. ಮೊದಲನೆಯ ಮಹಾಯುದ್ಧದ ನಂತರ ಬೆಲೆಗಳೂ ಕೂಲಿಗಳೂ ಏರಿದಾಗ ಕಂಪನಿಗಳು ದರವನ್ನು ಹೆಚ್ಚಿಸಲು ಹವಣಿಸಿದವು. ಆಗ ನಗರವು ಕರಾರನ್ನೇ ಗುರಾಣಿಯಾಗಿ ಹಿಡಿಯಿತು. ದರವು ಹತ್ತು ಸೆಂಟಿಗೆ ಏರಿದುದು ೧೯೪೮ರಲ್ಲಿ, ರೈಲುಗಳು ನಗರದ ಸ್ವಾಧೀನಕ್ಕೆ ಬಂದು ಎಂಟು ವರ್ಷಗಳಾದ ಮೇಲೆ.

೧೮೮೩ರಲ್ಲಿ ಗೌಲ್ಡನನ್ನು ರಕ್ಷಿಸಿದ ಅದೇ ನಿಯಮವು ಮುಂದೆ ದಶಕಗಳ ಕಾಲ ಪ್ರಯಾಣಿಕನ ಐದು ಸೆಂಟನ್ನು ಕಂಪನಿಗಳಿಂದ ರಕ್ಷಿಸಿತು. ಮಾತಿಗೆ ಕಟ್ಟುಬೀಳದ ರಾಜ್ಯವು ಇತರರನ್ನು ಅವರ ಮಾತಿಗೆ ಕಟ್ಟಿಹಾಕಲಾರದು. ಇದನ್ನು ಕ್ಲೀವ್‌ಲೆಂಡನು ಮುಂಗಂಡಿದ್ದನೆಂದು ಹೇಳುವಂತಿಲ್ಲ. ನಿಯಮಪಾಲನೆಯ ಪ್ರಯೋಜನವು ಯಾವಾಗ ಯಾರಿಗೆ ಒದಗುವುದೆಂದು ಆ ಕ್ಷಣದಲ್ಲಿ ಕಾಣಲಾಗದೆಂಬುದೇ ಇದರಿಂದ ತಿಳಿಯುವುದು.

ಮೂರನೆಯ ಆಕ್ಷೇಪಣೆ, ಬಹುಮತದ ಇಚ್ಛೆಯನ್ನು ಒಬ್ಬನು ತುಳಿದನೆಂಬುದು. ಗವರ್ನರನು ಇಡೀ ರಾಜ್ಯದ ಮತದಾರರಿಂದ ಚುನಾಯಿತನು. ಅಸೆಂಬ್ಲಿಯ ೧೨೮ ಸದಸ್ಯರಲ್ಲಿ ಪ್ರತಿಯೊಬ್ಬನೂ ಒಂದೊಂದು ಕ್ಷೇತ್ರದ ಪ್ರತಿನಿಧಿ. ಎರಡೂ ಕಡೆ ಜನಾದೇಶವೇ ಇದೆ. ಅಲ್ಲದೆ ಪ್ರತಿಯೊಂದು ಮನೆಯ ಮೂರನೆಯ ಎರಡರಷ್ಟು ಸದಸ್ಯರು, ಎಂದರೆ ಅಸೆಂಬ್ಲಿಯಲ್ಲಿ ೮೬ ಮಂದಿ ಮತ್ತು ೩೨ ಸದಸ್ಯರ ಸೆನೆಟಿನಲ್ಲಿ ೨೨ ಮಂದಿ, ಪಟ್ಟುಹಿಡಿದಿದ್ದರೆ ಗವರ್ನರನ ನಿಷೇಧವು ಬಿದ್ದುಹೋಗುತ್ತಿತ್ತು. ಮಸೂದೆಗೆ ಮೊದಲು ದೊರೆತಿದ್ದ ಬಹುಮತವು ಈ ಮಟ್ಟವನ್ನು ಮೀರಿಯೇ ಇತ್ತು. ಗವರ್ನರನು ಒಡ್ಡಿದುದು ಗೋಡೆಯಲ್ಲ. ಮತ್ತೊಮ್ಮೆ ಯೋಚಿಸಿರೆಂಬ ಕೋರಿಕೆ.

ಅಸೆಂಬ್ಲಿಯು ಮತ್ತೊಮ್ಮೆ ಯೋಚಿಸಿತು. ಆ ಚರ್ಚೆಯಲ್ಲಿ ಆಗಿನ್ನೂ ೨೪ ವರ್ಷದವನಾಗಿದ್ದ ರೂಸ್‌ವೆಲ್ಟನು, ವಿರೋಧಪಕ್ಷದವನಾಗಿದ್ದರೂ, ಎದ್ದುನಿಂತು ನಿಷೇಧವನ್ನು ಬೆಂಬಲಿಸಿದನು. ರೈಲಿನ ಒಡೆಯರ ಮೇಲಿನ ಸೇಡಿನ ಭಾವದಿಂದಲೂ ನಗರದ ಜನರ ಕೂಗಿಗೆ ಮಣಿದೂ ತಾನು ಮೊದಲು ಮತ ಕೊಟ್ಟೆನೆಂದೂ, ಅದು ತಪ್ಪಾಗಿತ್ತೆಂದೂ ಒಪ್ಪಿಕೊಂಡನು. ಇನ್ನೂ ಅನೇಕರು ಮನಸ್ಸನ್ನು ಬದಲಾಯಿಸಿದರು. ಬೇಕಾದ ಬಹುಮತ ದೊರೆಯದೆ ಮಸೂದೆಯು ಅಲ್ಲಿಗೆ ನಿಂತಿತು. ತನ್ನ ಸದಸ್ಯರನ್ನು ಅಧಿಕಾರದಿಂದ ಹತ್ತಿಕ್ಕದೆ ವಾದದಿಂದ ಒಪ್ಪಿಸಿದ ನಿಷೇಧವನ್ನು ಸಭೆಯ ಅವಮಾನವೆಂದು ಕರೆಯುವುದು ಕಷ್ಟ.

೭. ಸಮರ್ಥನೆಯ ಎಲ್ಲೆ

ಆದರೂ ಕ್ಲೀವ್‌ಲೆಂಡನ ಎಲ್ಲ ನಿರಾಕರಣೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ೧೮೮೪ರಲ್ಲಿ ಟ್ರಾಮುಗಳ ಚಾಲಕರ ಮತ್ತು ಕಂಡಕ್ಟರುಗಳ ದಿನದ ದುಡಿಮೆಯನ್ನು ೧೨ ಗಂಟೆಗಳಿಗೆ ಮಿತಗೊಳಿಸುವ ಮಸೂದೆಯೊಂದು ಆತನ ಮುಂದೆ ಬಂದಿತು. ಅದಕ್ಕೂ ಆತನು ಅಂಕಿತ ಹಾಕಲಿಲ್ಲ. ಮಸೂದೆಯ ರಚನೆಯಲ್ಲಿ ದೋಷಗಳಿದ್ದವೆಂದು ಆತನ ಸಮರ್ಥಕರು ಹೇಳುತ್ತಾರೆ. ಆದರೆ ಇಲ್ಲಿ ರಾಜ್ಯವು ಕೊಟ್ಟ ಮಾತು ಮುರಿಯುವ ಪ್ರಶ್ನೆಯಿರಲಿಲ್ಲ. ಮೊದಲೇ ಹಾಕಿಕೊಟ್ಟ ತನಿಖೆಯ ಕ್ರಮವೂ ಇರಲಿಲ್ಲ. ಚಳಿಯಲ್ಲಿಯೂ ಮಳೆಯಲ್ಲಿಯೂ ಬಂಡಿಯ ಮುಂಭಾಗದಲ್ಲಿ ನಿಂತೇ ದುಡಿಯುತ್ತಿದ್ದ ಕೆಲಸಗಾರರ ಆಯುರಾರೋಗ್ಯಗಳ ಪ್ರಶ್ನೆಯಿತ್ತು. ರಚನೆಯ ದೋಷವು ತಿದ್ದುಪಡಿಗೆ ಕಾರಣವಾಗಬಹುದಲ್ಲದೆ ಪರಿಹಾರವನ್ನೇ ಕೈಬಿಡುವುದಕ್ಕೆ ಸಾಕಾದ ಕಾರಣವೆಂದು ತೋರುವುದಿಲ್ಲ. ಐದು ಸೆಂಟಿನ ಮಸೂದೆಯ ವಿಷಯದಲ್ಲಿ ಮಾಡಿದ ಸಮರ್ಥನೆಯನ್ನು ಇಲ್ಲಿಗೆ ಎಳೆದು ತರಲಾಗದು.

ಕ್ಲೀವ್‌ಲೆಂಡನು ಕಾರ್ಮಿಕರ ವಿರೋಧಿಯೆಂದು ಇದರಿಂದ ನಿರ್ಣಯಿಸುವುದೂ ಸರಿಯಲ್ಲ. ಬಾಡಿಗೆಯ ಇಕ್ಕಟ್ಟು ಕೋಣೆಗಳಲ್ಲಿ ಕುಟುಂಬಗಳು ಚುಟ್ಟಾ ಸುತ್ತುವ ಕೆಲಸವನ್ನು ನಿಷೇಧಿಸುವ ಮಸೂದೆಗೆ ಆತನು ರೂಸ್‌ವೆಲ್ಟನ ವಾದವನ್ನು ಕೇಳಿ ಅಂಕಿತ ಹಾಕಿದ್ದನು. ಅದನ್ನು ಹೊಡೆದುಹಾಕಿದುದು ಗವರ್ನರನಲ್ಲ, ನ್ಯಾಯಾಲಯ. ೧೮೮೫ರ ಜನವರಿಯಲ್ಲಿ ಜೇಕಬ್ಸನ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಅತ್ಯುಚ್ಚ ನ್ಯಾಯಾಲಯವು ಆ ಕಾನೂನು ವ್ಯಕ್ತಿಸ್ವಾತಂತ್ರ್ಯಕ್ಕೂ ಸ್ವತ್ತಿನ ಹಕ್ಕಿಗೂ ವಿರುದ್ಧವೆಂದು ಸಾರಿತು. ೧೯೦೫ರಲ್ಲಿ ಲಾಕ್ನರನ ಮೊಕದ್ದಮೆಯಲ್ಲಿ ಒಕ್ಕೂಟದ ಸುಪ್ರೀಂ ಕೋರ್ಟು ರೊಟ್ಟಿ ಅಂಗಡಿಯ ಕೆಲಸಗಾರರ ದುಡಿಮೆಯನ್ನು ದಿನಕ್ಕೆ ೧೦ ಗಂಟೆಗೆ ಮಿತಗೊಳಿಸಿದ ನ್ಯೂಯಾರ್ಕಿನ ಕಾನೂನನ್ನು ಇದೇ ಮನೋಧರ್ಮದಿಂದ ರದ್ದುಪಡಿಸಿತು. ಗವರ್ನರನ ನಿಷೇಧವನ್ನು ಮೂರನೆಯ ಎರಡರಷ್ಟು ಬಹುಮತದಿಂದ ಮೀರಬಹುದು, ಮುಂದಿನ ಚುನಾವಣೆಯಲ್ಲಿ ಅವನನ್ನೇ ಬದಲಾಯಿಸಬಹುದು. ನ್ಯಾಯಾಲಯದ ನಿಷೇಧವನ್ನು ಮೀರಲು ರಾಜ್ಯಾಂಗವನ್ನೇ ತಿದ್ದಬೇಕು, ಇಲ್ಲವೆ ನ್ಯಾಯಾಧೀಶರ ಮನಸ್ಸು ಬದಲಾಗುವವರೆಗೆ ಕಾಯಬೇಕು.

ಉತ್ತರದಾಯಿತ್ವವು ಬರಿಯ ಸಿದ್ಧಾಂತವಾಗಿರಲಿಲ್ಲವೆಂಬುದಕ್ಕೆ ೧೮೮೪ರ ಅಧ್ಯಕ್ಷ ಚುನಾವಣೆ ಸಾಕ್ಷಿ. ಎರಡು ವರ್ಷಗಳ ಹಿಂದೆ ೧,೯೨,೦೦೦ ಮತಗಳ ಅಂತರದಿಂದ ಗೆದ್ದಿದ್ದ ಕ್ಲೀವ್‌ಲೆಂಡನಿಗೆ ಆ ಚುನಾವಣೆಯಲ್ಲಿ ತನ್ನ ಸ್ವಂತ ರಾಜ್ಯದಲ್ಲಿ ದೊರೆತ ಅಂತರ ಸಾವಿರವನ್ನು ತುಸು ಮೀರಿದ ಮತಗಳು ಮಾತ್ರ. ಇದಕ್ಕೆ ಕಾರಣಗಳು ಅನೇಕ. ಆದರೆ ಕಾರ್ಮಿಕರ ಮಸೂದೆಗಳನ್ನೂ ಪ್ರಯಾಣದರದ ಮಸೂದೆಯನ್ನೂ ತಡೆದವನೆಂಬ ಅಪವಾದವನ್ನು ಆತನ ವಿರೋಧಿಗಳು ಸಭೆಸಭೆಯಲ್ಲಿ ಎತ್ತಿ ಹೇಳಿದ್ದರು. ಆತನು ತನ್ನ ಸಂದೇಶಗಳಿಗೆ ಬೆಲೆ ತೆರಬೇಕಾಗಿತ್ತು, ತೆತ್ತನು.

೮. ಭಾರತದ ಸಂದರ್ಭ

ನಮ್ಮ ವಿದ್ಯಾರ್ಥಿಗಳು ಈ ವಿಷಯವನ್ನು ಓದುವಾಗ ಭಾರತದ ರಾಜ್ಯಪಾಲರ ಅಧಿಕಾರವನ್ನು ನೆನೆಯುವುದು ಸಹಜ. ಎರಡನ್ನೂ ಬೆರೆಸುವುದು ಮಾತ್ರ ತಪ್ಪಾಗುತ್ತದೆ. ನಮ್ಮ ರಾಜ್ಯಾಂಗ ರಚನಾಸಭೆಯು ಮೊದಲು ಚುನಾಯಿತ ರಾಜ್ಯಪಾಲರನ್ನು ಒಪ್ಪಿದ್ದು, ೧೯೪೯ರಲ್ಲಿ ಅದನ್ನು ಬಿಟ್ಟು ರಾಷ್ಟ್ರಪತಿಗಳಿಂದ ನೇಮಕವಾಗುವ ರಾಜ್ಯಪಾಲರನ್ನು ಆರಿಸಿಕೊಂಡಿತು. ೨೦೦ನೆಯ ವಿಧಿಯಂತೆ ರಾಜ್ಯಪಾಲರು ಮಸೂದೆಗೆ ಅಂಕಿತ ಹಾಕಬಹುದು, ತಡೆಹಿಡಿಯಬಹುದು, ಅಥವಾ ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಬಹುದು. ಹಣಕಾಸಿನ ಮಸೂದೆಯಲ್ಲದಿದ್ದರೆ ಸಂದೇಶದೊಡನೆ ಹಿಂದಿರುಗಿಸಲೂಬಹುದು. ಹಿಂದಿರುಗಿಸಿದ ಮಸೂದೆಯನ್ನು ಶಾಸನಸಭೆಯು ಸಾಮಾನ್ಯ ಬಹುಮತದಿಂದಲೇ ಮತ್ತೆ ಅಂಗೀಕರಿಸಿದರೆ ಅಂಕಿತವನ್ನು ತಡೆಯುವಂತಿಲ್ಲ. ಕಾರಣ ಹೇಳದೆ ಮಸೂದೆಗಳನ್ನು ಅನಿರ್ದಿಷ್ಟ ಕಾಲ ಇಟ್ಟುಕೊಳ್ಳುವಂತಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟು ೨೦೨೩ರಲ್ಲಿ ಪಂಜಾಬಿನ ಪ್ರಕರಣದಲ್ಲಿ ಹೇಳಿತು. ೨೦೨೫ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರ ಪೀಠವು, ನ್ಯಾಯಾಲಯವು ಕಾಲಮಿತಿಯನ್ನು ಗೊತ್ತುಮಾಡಲಾಗದೆಂದೂ, ಆದರೆ ವಿವರಣೆಯಿಲ್ಲದ ದೀರ್ಘವಿಳಂಬವು ಸೀಮಿತವಾದ ನ್ಯಾಯಪರಿಶೀಲನೆಗೆ ಒಳಪಡುವುದೆಂದೂ ಅಭಿಪ್ರಾಯಪಟ್ಟಿತು.

ಕ್ಲೀವ್‌ಲೆಂಡನ ಸಮರ್ಥನೆಗೆ ಆಧಾರವಾದ ಚುನಾವಣೆಯ ಹೊಣೆ ನಮ್ಮ ರಾಜ್ಯಪಾಲರಿಗಿಲ್ಲ. ಆದುದರಿಂದ ಆ ಸಮರ್ಥನೆಯನ್ನು ಇಡಿಯಾಗಿ ಇಲ್ಲಿಗೆ ತರುವಂತಿಲ್ಲ. ಬಹಿರಂಗವಾಗಿ, ಬೇಗನೆ, ಕಾರಣಸಹಿತವಾಗಿ ಹಿಂದಿರುಗಿಸಬೇಕೆಂಬ ಅಂಶವೊಂದು ಮಾತ್ರ ಎರಡೂ ಕಡೆ ಸಮಾನವಾಗಿ ಅನ್ವಯಿಸುತ್ತದೆ.

೯. ಉಪಸಂಹಾರ

ಕ್ಲೀವ್‌ಲೆಂಡನು ಮು೦ದೆ ಅಧ್ಯಕ್ಷನಾಗಿ ಎರಡು ಅವಧಿಗಳಲ್ಲಿ ೫೮೪ ಮಸೂದೆಗಳನ್ನು ತಡೆದನು. ಸಂಖ್ಯೆಯಿಂದ ಸಮರ್ಥನೆ ಸಿದ್ಧವಾಗದು. ಪ್ರತಿಯೊಂದು ನಿಷೇಧವನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ತಡೆದವನು ಕಾರಣವನ್ನು ಬರೆದು ಎಲ್ಲರ ಮುಂದಿಟ್ಟನೇ? ಆ ಕಾರಣವು ಮಿತ್ರರಿಗೂ ಶತ್ರುಗಳಿಗೂ ಸಮವಾಗಿ ಅನ್ವಯಿಸುವ ನಿಯಮವಾಗಿತ್ತೇ? ತಡೆಯನ್ನು ಮೀರುವ ಮಾರ್ಗ ಸಭೆಗೂ ಜನರಿಗೂ ತೆರೆದಿತ್ತೇ? ಐದು ಸೆಂಟಿನ ಮಸೂದೆಯ ನಿಷೇಧವು ಈ ಮೂರು ಪರೀಕ್ಷೆಗಳಲ್ಲಿಯೂ ಉತ್ತೀರ್ಣವಾಗುತ್ತದೆ; ಹನ್ನೆರಡು ಗಂಟೆಗಳ ಮಸೂದೆಯ ನಿರಾಕರಣೆಯಲ್ಲಿ ತಡೆಯಲು ತಕ್ಕ ನಿಯಮವೇ ಕಾಣದಿರುವುದರಿಂದ ಅದು ಎರಡನೆಯ ಪರೀಕ್ಷೆಯಲ್ಲಿ ಎಡವುತ್ತದೆ. ಒಂದನ್ನು ಸಮರ್ಥಿಸಿ ಇನ್ನೊಂದನ್ನು ಬಿಟ್ಟುಕೊಡಲು ಚರಿತ್ರಕಾರನು ಹಿಂಜರಿಯಬೇಕಾಗಿಲ್ಲ. ೧೮೮೩ರ ವಸಂತದಲ್ಲಿ ನ್ಯೂಯಾರ್ಕಿನ ಶಾಸನಸಭೆಯ ಮುಂದೆ ಇದ್ದುದು ಗೌಲ್ಡನನ್ನು ಶಿಕ್ಷಿಸಬೇಕೇ ಎಂಬ ಪ್ರಶ್ನೆಯಲ್ಲ, ಅವನನ್ನು ಶಿಕ್ಷಿಸುವುದಕ್ಕಾಗಿ ರಾಜ್ಯವು ತನ್ನ ಕಾನೂನನ್ನು ತಾನೇ ಬದಿಗೊತ್ತಬಹುದೇ ಎಂಬ ಪ್ರಶ್ನೆ. ಗವರ್ನರನ ಸಂದೇಶವು ಆ ವ್ಯತ್ಯಾಸವನ್ನು ಸ್ಪಷ್ಟಪಡಿಸಿತು. ಸಭೆಯು ಅದನ್ನು ಓದಿ ತನ್ನ ನಿರ್ಣಯವನ್ನು ಬದಲಾಯಿಸಿತು.